ಆಯಿಲ್ ಕ್ಯಾಚ್ ಕ್ಯಾನ್: ಎಂಜಿನ್ ಉಸಿರು ಕಟ್ಟದಂತೆ ಜೋಡಿಸುವ ಬಗೆ

ಟರ್ಬೊ ಪೆಟ್ರೋಲ್ ಕಾರು ಇರುವವರು ಒಂದು ಸಲ ಹೀಗೆ ಮಾಡಿ ನೋಡಿ. ಎಂಜಿನ್ ತಣ್ಣಗಿರುವಾಗ ಏರ್ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ದಪ್ಪ ಪೈಪ್ ಬಿಚ್ಚಿ, ಒಳಗೆ ಬೆರಳಾಡಿಸಿ. ನಲವತ್ತು ಐವತ್ತು ಸಾವಿರ ಕಿ.ಮೀ. ಓಡಿದ ಗಾಡಿಯಾದರೆ ಬೆರಳಿಗೆ ಕಂದು ಜಿಡ್ಡು ಹತ್ತುವುದು ಹೆಚ್ಚುಕಡಿಮೆ ಖಾತ್ರಿ. ಬರೀ ಗಾಳಿ ಓಡಾಡಬೇಕಾದ ಕಡೆ ಆಯಿಲ್‌ಗೆ ಏನು ಕೆಲಸ?

ಪಿಸ್ಟನ್ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಉರಿದ ಗ್ಯಾಸ್ ಸ್ವಲ್ಪ ಕೆಳಕ್ಕೆ, ಕ್ರ್ಯಾಂಕ್‌ಕೇಸಿಗೆ (ಎಂಜಿನ್ನಿನ ಕೆಳಗಿನ ಕೋಣೆ) ನುಸುಳುತ್ತದೆ. ಇದೇ ಬ್ಲೋ-ಬೈ. ಇದು ಅತಿಯಾದಾಗಲೇ ನಮ್ಮ ಮೆಕ್ಯಾನಿಕ್‌ಗಳು ಆಯಿಲ್ ಕ್ಯಾಪ್ ಎತ್ತಿ ನೋಡಿ "ಬ್ಯಾಕ್ ಕಂಪ್ರೆಷನ್ ಬಂದಿದೆ" ಅನ್ನುವುದು. ಈ ಗ್ಯಾಸಿನಲ್ಲಿ ಉರಿಯದ ಪೆಟ್ರೋಲ್, ನೀರಿನ ಆವಿ, ಮಂಜಿನಂಥ ಆಯಿಲ್ ಹನಿ ಎಲ್ಲ ಇರುತ್ತದೆ. ಹಿಂದಿನ ಕಾಲದ ಕಾರುಗಳಲ್ಲಿ ಒಂದು ಕೊಳವೆ ಇಟ್ಟು ಇದನ್ನು ರಸ್ತೆಗೇ ಬಿಡುತ್ತಿದ್ದರು. 1960ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಮಿತಿಮೀರಿದಾಗ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್) ವ್ಯವಸ್ಥೆ ಬಂತು. ಅಂದರೆ ಆ ಗ್ಯಾಸನ್ನು ಮತ್ತೆ ಇಂಟೇಕ್‌ಗೇ, ಅಂದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೇ, ಎಳೆದು ಸುಡುವುದು. ಇವತ್ತಿಗೂ ಅದೇ ಪದ್ಧತಿ.

ಕ್ಯಾಚ್ ಕ್ಯಾನ್ ಈ ದಾರಿಯ ಮಧ್ಯೆ ಕೂರುವ ಡಬ್ಬ. ಗ್ಯಾಸ್ ಒಳಗೆ ಬರುತ್ತದೆ, ಜಾಲರಿಗೆ ಬಡಿಯುತ್ತದೆ, ತಣ್ಣಗಾಗುತ್ತದೆ. ಆಯಿಲ್ ಮತ್ತು ನೀರು ಕೆಳಗೆ ತೊಟ್ಟಿಕ್ಕುತ್ತವೆ, ಉಳಿದ ಗ್ಯಾಸ್ ಇಂಟೇಕ್‌ಗೆ ಹೋಗುತ್ತದೆ. ಕೆಲಸ ಇಷ್ಟೇ. ಆದರೆ ಇದನ್ನು ಬರೀ ಫಿಲ್ಟರ್ ಅಂದುಕೊಂಡು ಜೋಡಿಸಿದರೆ ಎಡವಟ್ಟಾಗುತ್ತದೆ. ಅದು ಎಂಜಿನ್ ಉಸಿರಾಡುವ ದಾರಿ. ಅಲ್ಲಿ ಅಡ್ಡಿಯಾದರೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಕಟ್ಟಿಕೊಂಡು ಆಯಿಲ್ ಸೀಲುಗಳು ಸೋರಲು ಶುರುವಾಗುತ್ತವೆ. ಆಯಿಲ್ ಎಷ್ಟು ಹಿಡಿಯಿತು ಅನ್ನುವುದಕ್ಕಿಂತ ಉಸಿರು ಮೊದಲಿನಂತೆಯೇ ಇದೆಯಾ ಅನ್ನುವುದು ಮುಖ್ಯ. ಈ ಬರಹ ಪೂರ್ತಿ ಅದರ ಸುತ್ತಲೇ.

ಯಾರಿಗೆ ಬೇಕು, ಯಾರಿಗೆ ಬೇಡ

ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಿಗೆ ಇದರಿಂದ ನಿಜವಾದ ಲಾಭ. ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ 1.0 ಟಿಎಸ್‌ಐ, ಹ್ಯುಂಡೈನ 1.0 ಟರ್ಬೊ ಜಿಡಿಐ ಈ ಗುಂಪಿನವು. ಇವುಗಳಲ್ಲಿ ಇಂಟೇಕ್ ವಾಲ್ವಿನ ಬೆನ್ನ ಮೇಲೆ ಪೆಟ್ರೋಲ್ ಬೀಳುವುದೇ ಇಲ್ಲ. ಹಾಗಾಗಿ ಅಲ್ಲಿ ಕೂತ ಆಯಿಲ್ ಜಿಡ್ಡನ್ನು ತೊಳೆಯುವವರಿಲ್ಲ. ಅದು ಬಿಸಿಗೆ ಸುಟ್ಟು, ಕರಿ ಗಟ್ಟಿಯಾಗುತ್ತದೆ. ಜಾಸ್ತಿಯಾದರೆ ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಬಿಚ್ಚಿ ಆಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ತೆಗೆಯಬೇಕಾಗುತ್ತದೆ.

ಮಾರುತಿಯ 1.2 ಲೀಟರ್ ಎಂಜಿನ್‌ಗಳು, ಟಾಟಾ ನೆಕ್ಸಾನ್‌ನ 1.2 ಟರ್ಬೊ ಇವೆಲ್ಲ ಪೋರ್ಟ್ ಇಂಜೆಕ್ಷನ್, ಅಂದರೆ ಪೆಟ್ರೋಲ್ ಇಂಟೇಕ್ ವಾಲ್ವಿನ ಹಿಂದೆಯೇ ಚಿಮ್ಮುತ್ತದೆ. ವಾಲ್ವ್ ದಿನಾ ಪೆಟ್ರೋಲಿನಲ್ಲಿ ತೊಳೆದುಕೊಳ್ಳುತ್ತದೆ. ಟರ್ಬೊ ಕೂಡ ಇಲ್ಲದ ಗಾಡಿಯಾದರೆ ಕ್ಯಾಚ್ ಕ್ಯಾನ್ ಅಂದರೆ ಸುಮ್ನೆ ದುಡ್ಡು ದಂಡ. ಬಾನೆಟ್ ಎತ್ತಿದಾಗ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಆಸೆಯನ್ನೂ ಮಿತಿಯಲ್ಲಿಡಿ. ಈಗಾಗಲೇ ಕೂತ ಕರಿಯನ್ನು ಕ್ಯಾನ್ ತೆಗೆಯುವುದಿಲ್ಲ. ವಾಲ್ವ್ ಸ್ಟೆಮ್ ಸೀಲಿನಿಂದ ಇಳಿಯುವ ಆಯಿಲನ್ನು ತಡೆಯುವುದೂ ಇಲ್ಲ. ಪವರ್, ಮೈಲೇಜ್ ಹೆಚ್ಚಾಗುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಕಾರಿನ ಮೂಲ ರಚನೆ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಬಿಎಸ್6 ಹೊಗೆ ನಿಯಮದ ಪರೀಕ್ಷೆಯಲ್ಲಿ ಕ್ರ್ಯಾಂಕ್‌ಕೇಸ್ ಗ್ಯಾಸ್ ಹೊರಗಿನ ಗಾಳಿಗೆ ಹೋಗುವಂತಿಲ್ಲ. ವಾರಂಟಿಯಲ್ಲಿರುವ ಗಾಡಿಯಾದರೆ ಎಂಜಿನ್ ತೊಂದರೆ ಬಂದಾಗ ಕಂಪನಿ ಇದನ್ನೇ ನೆಪ ಮಾಡಬಹುದು. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಮುಚ್ಚಿದ ವ್ಯವಸ್ಥೆ: ಗ್ಯಾಸ್ ವಾಪಸ್ ಇಂಟೇಕ್‌ಗೇ ಹೋಗಬೇಕು, ಕಂಪನಿಯ ಒಂದು ಪೈಪನ್ನೂ ಕತ್ತರಿಸಬಾರದು, ಬೇಕೆಂದಾಗ ಅರ್ಧ ಗಂಟೆಯಲ್ಲಿ ಹಳೆಯ ಸ್ಥಿತಿಗೆ ತರಲು ಬರಬೇಕು. ಕ್ಯಾನ್ ತಲೆ ಮೇಲೆ ಪುಟ್ಟ ಫಿಲ್ಟರ್ ಕೂರಿಸಿ ಗ್ಯಾಸನ್ನು ಹೊರಗೆ ಬಿಡುವ ಪದ್ಧತಿ ರೇಸ್ ಟ್ರ್ಯಾಕಿಗೆ ಸರಿ. ರಸ್ತೆ ಕಾರಿನಲ್ಲಿ ಎಸಿ ಗಾಳಿಯ ಜೊತೆ ಆ ವಾಸನೆಯೂ ಕ್ಯಾಬಿನ್ನಿಗೆ ಬರುತ್ತದೆ.

ಹಂತ 1: ಎರಡು ದಾರಿ ಗುರುತಿಸಿ

ಟರ್ಬೊ ಪೆಟ್ರೋಲ್ ಎಂಜಿನ್ ಎರಡು ಕಡೆಯಿಂದ ಉಸಿರು ಬಿಡುತ್ತದೆ. ಒಂದು ದಾರಿ ಪಿಸಿವಿ ವಾಲ್ವ್ ಮೂಲಕ ಇಂಟೇಕ್ ಮ್ಯಾನಿಫೋಲ್ಡಿಗೆ, ಥ್ರಾಟಲ್ (ಒಳಹೋಗುವ ಗಾಳಿಯನ್ನು ನಿಯಂತ್ರಿಸುವ ತಟ್ಟೆ) ದಾಟಿದ ಮೇಲೆ ಸೇರುತ್ತದೆ. ಇದನ್ನು ವ್ಯಾಕ್ಯೂಮ್ ಕಡೆ ಎನ್ನೋಣ. ಐಡ್ಲಿಂಗ್‌ನಲ್ಲಿ, ಹಗುರ ಓಟದಲ್ಲಿ ಮ್ಯಾನಿಫೋಲ್ಡ್ ಇಲ್ಲಿಂದ ಎಳೆಯುತ್ತದೆ. ಇನ್ನೊಂದು ವಾಲ್ವ್ ಕವರ್‌ನಿಂದ ಟರ್ಬೊ ಮುಂದಿನ ಪೈಪಿಗೆ (ಏರ್ ಫಿಲ್ಟರ್‌ನಿಂದ ಟರ್ಬೊಗೆ ಗಾಳಿ ತರುವುದು) ಹೋಗುವ ಬ್ರೀದರ್ ಕಡೆ. ಆಕ್ಸಿಲರೇಟರ್ ಒತ್ತಿ ಬೂಸ್ಟ್ ಬಂದಾಗ, ಅಂದರೆ ಟರ್ಬೊ ಗಾಳಿಯನ್ನು ಒತ್ತಿ ತುಂಬಿದಾಗ, ಮ್ಯಾನಿಫೋಲ್ಡಿನಲ್ಲಿ ಒತ್ತಡ ಇರುತ್ತದಲ್ವಾ, ಆಗ ಪಿಸಿವಿ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಮುಚ್ಚಿಕೊಳ್ಳುತ್ತದೆ, ಗ್ಯಾಸ್ ಈ ದಾರಿ ಹಿಡಿಯುತ್ತದೆ.

ಬೆಂಗಳೂರಿನ ಸಿಗ್ನಲ್‌ಗಳಲ್ಲೇ ಆಯುಷ್ಯ ಕಳೆಯುವ ಗಾಡಿಗೆ ವ್ಯಾಕ್ಯೂಮ್ ಕಡೆ ಮುಖ್ಯ. ವಾರಕ್ಕೊಮ್ಮೆ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತುವ ಗಾಡಿಗೆ ಬ್ರೀದರ್ ಕಡೆಯೂ ಅಷ್ಟೇ ಮುಖ್ಯ.

ಹೋಸ್ ಹಿಡಿದು ಎರಡೂ ತುದಿ ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಾರೆ ನೋಡಿ. ಫೋಟೊ ತೆಗೆದಿಟ್ಟುಕೊಳ್ಳಿ. ಎಷ್ಟೋ ಹೊಸ ಎಂಜಿನ್‌ಗಳಲ್ಲಿ ವ್ಯಾಕ್ಯೂಮ್ ದಾರಿ ಎಂಜಿನ್ ಒಳಗೇ ಇರುತ್ತದೆ, ಹೊರಗೆ ಹೋಸ್ ಸಿಗುವುದಿಲ್ಲ. ಅಂಥದಕ್ಕೆ ಒಳದಾರಿ ಮುಚ್ಚುವ ಪ್ಲೇಟ್ ಕಿಟ್ ಬೇಕು. ಮನೆಯಲ್ಲಿ ಮಾಡುವ ಕೆಲಸ ಅಲ್ಲ ಅದು. ಬ್ರೀದರ್ ಕಡೆ ಮಾತ್ರ ಹಾಕಿದರೆ ಟರ್ಬೊ ಪೈಪ್ ಮತ್ತು ಇಂಟರ್‌ಕೂಲರ್ (ಟರ್ಬೊದಿಂದ ಬಂದ ಗಾಳಿ ತಣಿಸುವ ಭಾಗ) ಒಣಗಿರುತ್ತವೆ. ವಾಲ್ವಿನ ಮಟ್ಟಿಗೆ ಅದು ಅರ್ಧ ಕೆಲಸ.

ಹಂತ 2: ಮೊದಲೇ ಅಳೆಯಿರಿ

ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ. ಖರ್ಚು ನೋಡಿದರೆ ಏನೂ ಇಲ್ಲ.

ನಿಮ್ಮ ಕಾರಿನದೇ ಇನ್ನೊಂದು ಆಯಿಲ್ ಫಿಲ್ಲರ್ ಕ್ಯಾಪ್ ಕೊಳ್ಳಿ. ಮಧ್ಯೆ ತೂತು ಕೊರೆದು 6 ಮಿ.ಮೀ. ಹಿತ್ತಾಳೆ ನಿಪ್ಪಲ್ ಕೂರಿಸಿ, ಸುತ್ತ ಎಪಾಕ್ಸಿ ಹಚ್ಚಿ ಒಣಗಿಸಿ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಟ್ಯೂಬ್ ಇದೆಯಲ್ಲ, ಅದು ನಾಲ್ಕೈದು ಮೀಟರ್ ತನ್ನಿ. ಒಂದು ಹಲಗೆಗೆ ಯು ಆಕಾರದಲ್ಲಿ ಕಟ್ಟಿ. ಎರಡೂ ಕಾಲು ಒಂದು ಮೀಟರಿಗಿಂತ ಉದ್ದ ಇರಲಿ. ಬಣ್ಣ ಬೆರೆಸಿದ ನೀರನ್ನು ಅರ್ಧ ಎತ್ತರಕ್ಕೆ ತುಂಬಿ, ಪಕ್ಕದಲ್ಲಿ ಟೇಪ್ ಅಂಟಿಸಿ. ಟ್ಯೂಬ್ ಮತ್ತು ಕ್ಯಾಪಿನ ನಡುವೆ ಗಟ್ಟಿಮುಟ್ಟಾದ ಖಾಲಿ ಬಾಟಲಿ ಸೇರಿಸುವುದನ್ನು ಮರೆಯಬೇಡಿ. ಎಂಜಿನ್ ಜೋರಾಗಿ ಎಳೆದರೆ ನೀರು ಬಾಟಲಿಯಲ್ಲಿ ನಿಲ್ಲಬೇಕು, ಎಂಜಿನ್ನಿಗೆ ಹೋಗಬಾರದು.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಆಫ್ ಮಾಡಿ, ಐಡ್ಲಿಂಗ್‌ನಲ್ಲಿ ನೋಡಿ. ಎಂಜಿನ್ ಕಡೆಯ ಕಾಲಿನಲ್ಲಿ ನೀರು ಮೇಲೇರಿದರೆ ಒಳಗೆ ಸೆಳೆತ ಇದೆ ಎಂದರ್ಥ. ಹಾಗೇ ಇರಬೇಕು. ಎರಡು ಮಟ್ಟಗಳ ನಡುವಿನ ಅಂತರ 10 ಸೆಂ.ಮೀ. ಇದ್ದರೆ ಅದು ಸುಮಾರು 10 ಮಿಲಿಬಾರ್. ಒಂದೊಂದು ಎಂಜಿನ್ನಿಗೆ ಒಂದೊಂದು ಲೆಕ್ಕ. ಕೆಲವು ಜರ್ಮನ್ ಎಂಜಿನ್‌ಗಳು ತುಂಬಾ ಜಾಸ್ತಿ ಎಳೆಯುತ್ತವೆ, ನೀರು ನೇರ ಬಾಟಲಿಗೇ ನುಗ್ಗಿದರೆ ಅದನ್ನು ಬಿಟ್ಟು ವ್ಯಾಕ್ಯೂಮ್ ಗೇಜ್ ಬಳಸಿ. ನಮಗೆ ಬೇಕಾದದ್ದು ಪರಿಪೂರ್ಣ ಸಂಖ್ಯೆ ಅಲ್ಲ, ಮೊದಲು ಎಷ್ಟಿತ್ತು ಅನ್ನುವುದು. ಐಡ್ಲಿಂಗ್‌ನಲ್ಲಿ ಒಂದು, 2,500 ಆರ್‌ಪಿಎಂನಲ್ಲಿ ಒಂದು ಬರೆದಿಟ್ಟುಕೊಳ್ಳಿ. ಒಬಿಡಿ ಡಾಂಗಲ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಇದ್ದರೆ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುವ ಪ್ರಮಾಣ) ಮತ್ತು ಐಡಲ್ ಆರ್‌ಪಿಎಂ ಕೂಡ ಬರೆದಿಡಿ.

ಮೊದಲ ಅಳತೆಯಲ್ಲೇ ಸೆಳೆತದ ಬದಲು ಒತ್ತಡ ಕಂಡರೆ ಕೆಲಸ ನಿಲ್ಲಿಸಿ. ಪಿಸಿವಿ ಕೆಟ್ಟಿರಬಹುದು, ರಿಂಗ್ ಸವೆದಿರಬಹುದು. ಅದಕ್ಕೆ ಕ್ಯಾಚ್ ಕ್ಯಾನ್ ಮದ್ದಲ್ಲ.

ಹಂತ 3: ಕ್ಯಾನ್ ಆರಿಸಿ, ತಿದ್ದಿ

ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ ಹೊಳೆಯುವ ಕ್ಯಾನ್‌ಗಳಲ್ಲಿ ಹೆಚ್ಚಿನವು ಒಳಗೆ ಖಾಲಿ ಡಬ್ಬ. ಜಾಲರಿ ಇಲ್ಲ, ತಡೆ ತಟ್ಟೆ ಇಲ್ಲ. ಎರಡೂ ನಳಿಕೆ ಅಕ್ಕಪಕ್ಕ ಇರುತ್ತವೆ, ಆಯಿಲ್ ಮಂಜು ಒಂದರಿಂದ ಬಂದು ಇನ್ನೊಂದರಿಂದ ಆರಾಮಾಗಿ ಹೋಗುತ್ತದೆ. ಒಳ್ಳೆಯ ಕಂಪನಿಯ ಕ್ಯಾನ್ ಕೊಳ್ಳುವ ಶಕ್ತಿ ಇದ್ದರೆ ಈ ಹಂತ ಓದಿ ಮುಂದೆ ಹೋಗಿ. ಇಲ್ಲದಿದ್ದರೂ ಬೇಜಾರಿಲ್ಲ. ಗಟ್ಟಿ ಅಲ್ಯೂಮಿನಿಯಂನ 500ರಿಂದ 750 ಮಿ.ಲೀ. ಡಬ್ಬ, ತಳ ಬಿಚ್ಚಲು ಬರುವಂಥದ್ದು ಸಿಕ್ಕರೆ ಚೆನ್ನಾಗಿಯೇ ತಿದ್ದಬಹುದು.

ಮೊದಲು ಪೂರ್ತಿ ಬಿಚ್ಚಿ ತೊಳೆಯಿರಿ. ಥ್ರೆಡ್ ಹಾಕುವಾಗ ಬಿದ್ದ ಅಲ್ಯೂಮಿನಿಯಂ ಚೂರುಗಳು ಮೂಲೆಯಲ್ಲಿ ಕೂತಿರುತ್ತವೆ. ಅಂಥ ಒಂದು ಚೂರು ಟರ್ಬೊದ ಕಂಪ್ರೆಸರ್ ರೆಕ್ಕೆಗೆ ಬಡಿದರೆ ಕಥೆ ಮುಗಿಯಿತು. ಡೀಸೆಲ್‌ನಲ್ಲಿ ಬ್ರಷ್ ಹಾಕಿ ಉಜ್ಜಿ, ಆಮೇಲೆ ಬಿಸಿನೀರು ಸೋಪಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ.

ಆಮೇಲೆ ನಳಿಕೆಗಳ ಒಳ ಅಗಲ ಅಳೆಯಿರಿ. ಹೊರಗಿನಿಂದ 19 ಮಿ.ಮೀ. ಹೋಸ್ ಕೂರುವಂತೆ ಕಂಡರೂ ಒಳಗಿನ ತೂತು 9 ಮಿ.ಮೀ. ಇರುವುದುಂಟು. ಕಂಪನಿಯ ಪೈಪಿನ ಒಳ ಅಳತೆ 16 ಮಿ.ಮೀ. ಇದ್ದರೆ, 9 ಮಿ.ಮೀ. ತೂತಿನ ವಿಸ್ತಾರ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಉಸಿರು ಕಟ್ಟುವುದು ಹೀಗೆಯೇ. ಗೋಡೆ ದಪ್ಪ ಇದ್ದರೆ ಲೇಥ್ ಅಂಗಡಿಯಲ್ಲಿ ಕೊರೆಸಿ ದೊಡ್ಡದು ಮಾಡಿಸಿ, ಇಲ್ಲದಿದ್ದರೆ ನಳಿಕೆಯನ್ನೇ ಬದಲಿಸಿ. ಕಂಪನಿಯ ಪೈಪಿಗಿಂತ ಕಿರಿದಾದದ್ದು ದಾರಿಯಲ್ಲಿ ಎಲ್ಲೂ ಇರಬಾರದು.

ಈಗ ಒಳಗಿನ ಕೆಲಸ. ಒಳಬರುವ ನಳಿಕೆಗೆ ಒಂದು ಕೊಳವೆ ಸೇರಿಸಿ ಗ್ಯಾಸ್ ಕೆಳಭಾಗದಲ್ಲಿ ಬಿಡುಗಡೆ ಆಗುವಂತೆ ಮಾಡಿ. ಕೊಳವೆಯ ತುದಿ ಆಯಿಲ್ ತುಂಬುವ ಗರಿಷ್ಠ ಮಟ್ಟಕ್ಕಿಂತ ಮೇಲೇ ಇರಲಿ. ಡಬ್ಬದ ಕೆಳಗಿನ ಮೂರನೇ ಒಂದು ಭಾಗ ಆಯಿಲ್‌ಗೆ ಎಂದು ಲೆಕ್ಕ ಇಟ್ಟುಕೊಳ್ಳಿ. ಅದರ ಮೇಲೆ, ಕೊಳವೆ ಹಾದುಹೋಗುವಂತೆ, ತೂತು ಕೊರೆದ 2 ಮಿ.ಮೀ. ಅಲ್ಯೂಮಿನಿಯಂ ತಟ್ಟೆ. ತಟ್ಟೆಗೆ ಎಷ್ಟು ತೂತು? ತೂತುಗಳ ಒಟ್ಟು ವಿಸ್ತಾರ ಹೋಸಿನ ಎರಡರಷ್ಟಾದರೂ ಇರಲಿ. 16 ಮಿ.ಮೀ. ಹೋಸಿನ ವಿಸ್ತಾರ ಸುಮಾರು 200 ಚದರ ಮಿ.ಮೀ., 3 ಮಿ.ಮೀ. ತೂತಿನದು 7. ಅಂದರೆ ಅರವತ್ತು ತೂತು. ಕೊರೆಯಲು ಬೇಜಾರು, ಆದರೆ ಕಡಿಮೆ ಮಾಡಬೇಡಿ.

ತಟ್ಟೆಯ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಹೆಣೆದ ಜಾಲರಿ, ಸಡಿಲವಾಗಿ. ಅದರ ಮೇಲೆ ಇನ್ನೊಂದು ತೂತಿನ ತಟ್ಟೆ. ಹೊರಹೋಗುವ ನಳಿಕೆ ಎಲ್ಲಕ್ಕಿಂತ ಮೇಲೆ. ಜಾಲರಿಯನ್ನು ಅಮುಕಿ ಅಮುಕಿ ತುಂಬಿದರೆ ಆಯಿಲ್ ಜಾಸ್ತಿ ಹಿಡಿಯುತ್ತದೆ ಅನ್ನುವುದು ತಪ್ಪು ಲೆಕ್ಕ, ಗ್ಯಾಸೇ ಹೋಗುವುದಿಲ್ಲ. ಪಾತ್ರೆ ಉಜ್ಜುವ ಅಗ್ಗದ ಸ್ಕ್ರಬ್ಬರ್ ಹಾಕುವವರಿದ್ದಾರೆ. ಅದು ಎಳೆ ಎಳೆಯಾಗಿ ಉದುರುತ್ತದೆ, ಕೆಲವು ತುಕ್ಕೂ ಹಿಡಿಯುತ್ತವೆ. ಸ್ಪಂಜು, ಹತ್ತಿ ಬೇಡವೇ ಬೇಡ. ಆಯಿಲ್ ಮತ್ತು ಪೆಟ್ರೋಲ್ ಆವಿಗೆ ಸ್ಪಂಜು ಪುಡಿಯಾಗುತ್ತದೆ, ಹತ್ತಿ ನೆನೆದು ದಾರಿ ಕಟ್ಟುತ್ತದೆ.

ಕ್ಯಾನಿನ ಹೊರಗೆ ಮಟ್ಟ ತೋರಿಸಲು ಪ್ಲಾಸ್ಟಿಕ್ ಕೊಳವೆ ಇದ್ದರೆ ಕಿತ್ತು ಎರಡೂ ತೂತಿಗೆ ಬೋಲ್ಟ್ ಹಾಕಿ. ಬಿಸಿಗೆ ಅದು ಗಟ್ಟಿಯಾಗಿ ಸೀಳುತ್ತದೆ. ತಲೆ ಮೇಲಿನ ಪುಟ್ಟ ಫಿಲ್ಟರ್ ತೆಗೆದು ಆ ತೂತನ್ನೂ ಮುಚ್ಚಿ. ತಳಕ್ಕೆ ಕಾಲು ಇಂಚಿನ ಹಿತ್ತಾಳೆ ಬಾಲ್ ವಾಲ್ವ್ ಕೂರಿಸಿ, ಅದರ ಬಾಯಿಗೆ ಒಂದು ಪ್ಲಗ್ ಕೂಡ ಇರಲಿ. ಹಿಡಿಕೆ ಆಕಸ್ಮಿಕವಾಗಿ ತಿರುಗಿದರೂ ಸೋರಬಾರದು. ಕೊನೆಗೆ ಒಂದು ನಳಿಕೆ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಟ್ಟು, ಪಂಕ್ಚರ್ ಅಂಗಡಿಯವರು ಟ್ಯೂಬ್ ನೋಡುವ ಹಾಗೆ ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದ ಕಡೆ ಓ-ರಿಂಗ್ ಬದಲಿಸಿ. ಎನ್‌ಬಿಆರ್ ರಬ್ಬರಿನ ಓ-ರಿಂಗ್ ಆದರೆ ಆಯಿಲ್ ತಡೆಯುತ್ತದೆ.

ಹಂತ 4: ಹೋಸ್

ಕೆಂಪು ನೀಲಿ ಸಿಲಿಕೋನ್ ಹೋಸ್ ಕಣ್ಣಿಗೆ ಚೆಂದ. ಆದರೆ ಮಾಮೂಲಿ ಸಿಲಿಕೋನ್ ಹೋಸ್ ಆಯಿಲನ್ನು ಹೀರಿ ಉಬ್ಬುತ್ತದೆ, ಹೊರಗೆಲ್ಲ ಬೆವರುತ್ತದೆ. ತೆಳುವಾದದ್ದು ಮ್ಯಾನಿಫೋಲ್ಡ್ ಸೆಳೆತಕ್ಕೆ ಚಪ್ಪಟೆಯಾಗುತ್ತದೆ. ಎಂಜಿನ್ ಆಫ್ ಇದ್ದಾಗ ಮತ್ತೆ ದುಂಡಗೆ ಕಾಣುವುದರಿಂದ ಇದು ಕಣ್ಣಿಗೆ ಬೀಳುವುದೇ ಇಲ್ಲ. ಒಳಗೆ ನೂಲಿನ ಹೆಣಿಗೆ ಇರುವ, ಮೈಮೇಲೆ ಎಸ್‌ಎಇ 30ಆರ್7 ಎಂದು ಮುದ್ರಿಸಿದ ಕಪ್ಪು ಹೋಸ್ ಕೊಳ್ಳಿ. ಪೆಟ್ರೋಲ್ ಮತ್ತು ಪಿಸಿವಿ ಎರಡಕ್ಕೂ ಆಗುತ್ತದೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ, ಎಸ್‌ಜೆಪಿ ರಸ್ತೆಯ ಆಸುಪಾಸಿನಲ್ಲಿ ಹುಡುಕಿದರೆ ಹೋಸ್, ಕ್ಲಾಂಪ್, ಫಿಟ್ಟಿಂಗ್ ಎಲ್ಲ ಸಿಗುತ್ತವೆ.

ಕಂಪನಿಯ ಪೈಪುಗಳ ತುದಿಗೆ ಕ್ವಿಕ್ ಕನೆಕ್ಟರ್ ಇರುತ್ತದೆ. ಅದಕ್ಕೆ ಹೊಂದುವ ಅಡಾಪ್ಟರ್ ಸಿಗದಿದ್ದರೆ ಇನ್ನೊಂದು ಪೈಪ್ ಕೊಂಡು ಅದನ್ನು ಕತ್ತರಿಸಿ, ಮೂಲದ್ದನ್ನು ಚೀಲದಲ್ಲಿ ಸುತ್ತಿ ಎತ್ತಿಡಿ.

ಹಂತ 5: ಜಾಗ ಮತ್ತು ಜೋಡಣೆ

ಕ್ಯಾನ್ ತಣ್ಣಗಿದ್ದಷ್ಟೂ ಚೆನ್ನಾಗಿ ಹಿಡಿಯುತ್ತದೆ. ಟರ್ಬೊ, ಎಕ್ಸಾಸ್ಟ್ ಹತ್ತಿರ ಬೇಡ. ಹೆಡ್‌ಲೈಟಿನ ಹಿಂದೆ, ಬ್ಯಾಟರಿಯ ಪಕ್ಕ ಸಾಮಾನ್ಯವಾಗಿ ಜಾಗ ಇರುತ್ತದೆ. ಬಾಡಿಗೆ ಬ್ರಾಕೆಟ್ ಹಾಕಿ ರಬ್ಬರ್ ಬುಷ್ ಇಟ್ಟು ಕೂರಿಸಿ. ಬ್ರೇಕ್ ಪೈಪ್, ಎಸಿ ಪೈಪ್, ವೈರಿಂಗ್ ಯಾವುದಕ್ಕೂ ತಾಗಬಾರದು. ಡ್ರೈನ್ ವಾಲ್ವಿಗೆ ಕೈ ಹೋಗಬೇಕು. ಇಲ್ಲದಿದ್ದರೆ ಖಾಲಿ ಮಾಡುವ ಕೆಲಸವನ್ನು ನೀವು ಮುಂದೂಡುತ್ತಲೇ ಇರುತ್ತೀರಿ.

ಎಂಜಿನ್ ಅಲುಗಾಡುತ್ತದೆ, ಬಾಡಿ ಅಲುಗಾಡುವುದಿಲ್ಲ. ಹಾಗಾಗಿ ಹೋಸಿಗೆ ಸ್ವಲ್ಪ ಸಡಿಲ ಕೊಡಿ. ಆದರೆ ಮಧ್ಯೆ ಜೋತುಬಿದ್ದು ಗುಂಡಿಯಾಗಬಾರದು, ಅಲ್ಲಿ ಆಯಿಲ್ ನಿಂತು ದಾರಿ ಮುಚ್ಚುತ್ತದೆ. ಎಂಜಿನ್‌ನಿಂದ ಕ್ಯಾನ್ ಕಡೆಗೆ ಇಳಿಜಾರು ಇರಲಿ.

ಬ್ರೀದರ್ ಕಡೆ ಸರಳ: ವಾಲ್ವ್ ಕವರ್‌ನಿಂದ ಕ್ಯಾನಿನ ಒಳನಳಿಕೆಗೆ, ಹೊರನಳಿಕೆಯಿಂದ ಟರ್ಬೊ ಮುಂದಿನ ಪೈಪಿಗೆ.

ವ್ಯಾಕ್ಯೂಮ್ ಕಡೆ ಒಂದು ಸೂಕ್ಷ್ಮ ಇದೆ. ಪಿಸಿವಿ ಚೆಕ್ ವಾಲ್ವ್ ಎಂಜಿನ್ ಕಡೆಯೇ ಇದ್ದು, ಕ್ಯಾನ್ ಅದರ ಮತ್ತು ಮ್ಯಾನಿಫೋಲ್ಡಿನ ನಡುವೆ ಬಂದರೆ, ಬೂಸ್ಟ್ ಬಂದಾಗಲೆಲ್ಲ ಆ ಒತ್ತಡ ಕ್ಯಾನಿನೊಳಗೆ ನುಗ್ಗುತ್ತದೆ. ಪಾಪ, ಕ್ಯಾನ್ ಅದಕ್ಕೆ ಮಾಡಿದ್ದಲ್ಲ. ಕ್ಲಾಂಪ್ ಜಾರುತ್ತದೆ, ಇಲ್ಲವೇ ಓ-ರಿಂಗ್ ಸೋರುತ್ತದೆ. ಆದ್ದರಿಂದ ಕ್ಯಾನ್ ಮತ್ತು ಮ್ಯಾನಿಫೋಲ್ಡಿನ ನಡುವೆ ಇನ್ನೊಂದು ಚೆಕ್ ವಾಲ್ವ್ ಹಾಕಿ. ಬಾಣದ ಗುರುತು ಮ್ಯಾನಿಫೋಲ್ಡ್ ಕಡೆ ಇರಲಿ. ಬಾಯಿಂದ ಊದಿ ನೋಡಿ: ಒಂದು ಕಡೆಯಿಂದ ಸಲೀಸಾಗಿ ಹೋಗಬೇಕು, ಇನ್ನೊಂದು ಕಡೆಯಿಂದ ಸ್ವಲ್ಪವೂ ಹೋಗಬಾರದು. ಮೂಲ ಪಿಸಿವಿ ವಾಲ್ವನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಸೆಳೆತಕ್ಕೆ ಮಿತಿ ಹಾಕುವುದು ಅದೇ.

ಎರಡೂ ಕಡೆಗೆ ಒಂದೇ ಕ್ಯಾನ್ ಸಾಕಾ ಎಂದು ಕೇಳುವವರಿಗೆ: ಅದಕ್ಕೆಂದೇ ಮಾಡಿದ ಮೂರು ನಳಿಕೆಯ ಕ್ಯಾನ್‌ಗಳಿವೆ. ಮನೆಯಲ್ಲಿ ತಿದ್ದುವವರು ಎರಡು ಸಣ್ಣ ಕ್ಯಾನ್ ಹಾಕುವುದೇ ನಿಶ್ಚಿಂತೆ.

ಹಂತ 6: ಮತ್ತೆ ಅಳೆಯಿರಿ

ಎಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಡಿ. ಸುಯ್ಯೆನ್ನುವ ಸದ್ದು ಬಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಏರ್‌ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಇದು ಫ್ಯುಯೆಲ್ ಟ್ರಿಮ್ ಏರಿಸಿ ಪಿ0171 ಕೋಡ್ (ಗಾಳಿಗೆ ಪೆಟ್ರೋಲ್ ಸಾಲದು ಎಂಬ ದೋಷ ಸಂಕೇತ) ತರುತ್ತದೆ. ಬರೀ ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಇರುವ ಕಾರಿನಲ್ಲಿ ಐಡಲ್ ಏರಿ ಪಿ0507 (ಐಡಲ್ ವೇಗ ಹೆಚ್ಚು ಎಂಬ ಸಂಕೇತ) ಬರಬಹುದು.

ಈಗ ಅದೇ ಕ್ಯಾಪ್, ಅದೇ ನೀರಿನ ಟ್ಯೂಬ್. ಬಿಸಿ ಎಂಜಿನ್, ಎಸಿ ಆಫ್. ಅಳತೆ ಮೊದಲಿನ ಆಸುಪಾಸಿನಲ್ಲೇ ಇದ್ದರೆ ಗೆದ್ದಿರಿ. ಸೆಳೆತ ತುಂಬಾ ಕಡಿಮೆಯಾಗಿದ್ದರೆ ವ್ಯಾಕ್ಯೂಮ್ ಕಡೆ ಅಡ್ಡಿ ಇದೆ: ಜಾಲರಿ ಸಡಿಲಿಸಿ, ಚೆಕ್ ವಾಲ್ವ್ ಅಳತೆ ನೋಡಿ. ಸೆಳೆತ ಜಾಸ್ತಿಯಾಗಿದ್ದರೆ? ಕೆಲವು ಎಂಜಿನ್‌ಗಳು ಐಡ್ಲಿಂಗ್‌ನಲ್ಲಿ ಬ್ರೀದರ್ ಕಡೆಯಿಂದ ಶುದ್ಧ ಗಾಳಿ ಒಳಗೆ ಎಳೆದುಕೊಳ್ಳುತ್ತವೆ. ಆ ಕಡೆಯ ಕ್ಯಾನ್ ಅಡ್ಡ ನಿಂತಿದೆ ಎಂದು ತಿಳಿಯಿರಿ.

ಬೂಸ್ಟ್ ಬಂದಾಗ ಏನಾಗುತ್ತದೆ ಎಂಬುದು ನಿಂತಲ್ಲಿ ಗೊತ್ತಾಗುವುದಿಲ್ಲ. ಮೂಲ ಆಯಿಲ್ ಕ್ಯಾಪ್ ವಾಪಸ್ ಹಾಕಿ ಒಂದು ಒಳ್ಳೆಯ ಏರು ಹತ್ತಿಸಿಕೊಂಡು ಬನ್ನಿ. ಆಮೇಲೆ ಬಾನೆಟ್ ಎತ್ತಿ ನೋಡಿ. ಡಿಪ್‌ಸ್ಟಿಕ್ ತಾನಾಗಿ ಮೇಲೆದ್ದಿದ್ದರೆ, ಆಯಿಲ್ ಕ್ಯಾಪಿನ ಸುತ್ತ ಹೊಸದಾಗಿ ಒದ್ದೆ ಕಂಡರೆ ಒಳಗೆ ಒತ್ತಡ ಕಟ್ಟುತ್ತಿದೆ. ಆ ದಿನವೇ ಕಂಪನಿಯ ಪೈಪ್ ವಾಪಸ್ ಹಾಕಿ.

ಖಾಲಿ ಮಾಡುವುದು, ಓದುವುದು

ಮೊದಲ ಸಲ 500 ಕಿ.ಮೀ.ಗೆ ತೆಗೆದು ನೋಡಿ. ಸಿಕ್ಕಿದ್ದನ್ನು ಅಳೆದು, ಮುಂದಿನ ಅಂತರ ನೀವೇ ಗೊತ್ತುಮಾಡಿಕೊಳ್ಳಿ. ಆಯಿಲ್ ಮಟ್ಟ ಒಳಕೊಳವೆಯ ತುದಿ ಮುಟ್ಟುವ ಮೊದಲು ಖಾಲಿಯಾಗಬೇಕು, ಅಷ್ಟೇ.

ಬೇಸಿಗೆಯಲ್ಲಿ ಕಂದು ಆಯಿಲ್ ಬರುತ್ತದೆ, ಪೆಟ್ರೋಲ್ ವಾಸನೆ ಇರುತ್ತದೆ. ಡಿಸೆಂಬರ್, ಜನವರಿಯ ಬೆಂಗಳೂರಿನಲ್ಲೋ ಮಳೆಗಾಲದ ಮಡಿಕೇರಿಯಲ್ಲೋ ಚಿಕ್ಕ ಚಿಕ್ಕ ಓಡಾಟ ಮಾಡುವ ಗಾಡಿಯಾದರೆ ಹಾಲು ಬೆರೆಸಿದ ಕಾಫಿ ಬಣ್ಣದ ಲೋಳೆ ಬರುತ್ತದೆ. ಹೆದರಬೇಡಿ, ಎಂಜಿನ್ ಪೂರ್ತಿ ಬಿಸಿಯಾಗದೆ ನೀರಿನ ಆವಿ ಆಯಿಲ್ ಜೊತೆ ಬೆರೆತದ್ದು ಅದು. ಕೂಲೆಂಟ್ ಮಟ್ಟ ಮಾತ್ರ ನೋಡಿಕೊಳ್ಳಿ. ಅದೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ತೋರಿಸಲೇಬೇಕು. ಚಳಿಯಲ್ಲಿ ಮತ್ತು ಮಳೆಗಾಲದಲ್ಲಿ ಅಂತರವನ್ನು ಅರ್ಧಕ್ಕಿಳಿಸಿ. ಒಂದೇ ಥರದ ಓಟಕ್ಕೆ ಆಯಿಲ್ ದಿಢೀರ್ ಜಾಸ್ತಿ ಬರತೊಡಗಿದರೆ ರಿಂಗ್ ಅಥವಾ ಪಿಸಿವಿ ಕಡೆ ಗಮನ ಹೋಗಲಿ.

ಡೀಸೆಲ್ ಕಾರಿನವರಿಗೆ ಒಂದು ಎಚ್ಚರಿಕೆ. ನಿಮ್ಮಲ್ಲಿ ಎಲ್ಲ ಗ್ಯಾಸೂ ಟರ್ಬೊ ಮುಂದಕ್ಕೇ ಹೋಗುತ್ತದೆ, ಜೋಡಣೆ ಸುಲಭ. ಆದರೆ ತುಂಬಿದ ಕ್ಯಾನಿನಿಂದ ಆಯಿಲ್ ಒಮ್ಮೆಲೇ ಟರ್ಬೊಗೆ ಎಳೆದುಕೊಂಡರೆ ಡೀಸೆಲ್ ಎಂಜಿನ್ ಆ ಆಯಿಲನ್ನೇ ಇಂಧನ ಮಾಡಿಕೊಂಡು ಓಡಬಹುದು. ಕೀ ತೆಗೆದರೂ ನಿಲ್ಲದು. ಘಾಟಿ ತಿರುವಿನಲ್ಲಿ ಕ್ಯಾನ್ ವಾಲಿದಾಗ ಇಂಥದ್ದು ಆಗದಿರಲು ಡೀಸೆಲ್‌ಗೆ ದೊಡ್ಡ ಕ್ಯಾನ್ ಹಾಕಿ, ಮೂರನೇ ಒಂದು ಭಾಗ ತುಂಬಲೂ ಬಿಡಬೇಡಿ.

ತೆಗೆದ ಆಯಿಲನ್ನು ಎಂಜಿನ್ನಿಗೆ ವಾಪಸ್ ಸುರಿಯಬೇಡಿ, ಅದರಲ್ಲಿ ನೀರು, ಪೆಟ್ರೋಲ್, ಆಮ್ಲ ಎಲ್ಲ ಇದೆ. ಚರಂಡಿಗೂ ಬೇಡ. ಮುಚ್ಚಳ ಇರುವ ಬೇರೆ ಡಬ್ಬದಲ್ಲಿ ಕೂಡಿಟ್ಟು, ಬೆಂಕಿಯಿಂದ ದೂರ ಇರಿಸಿ, ಆಯಿಲ್ ಬದಲಿಸುವ ದಿನ ವರ್ಕ್‌ಶಾಪಿನ ಹಳೆ ಆಯಿಲ್ ಡ್ರಮ್ಮಿಗೆ ಸೇರಿಸಿ. ಅದೇ ದಿನ ಕ್ಯಾನ್ ಬಿಚ್ಚಿ ಜಾಲರಿ ತೊಳೆದು, ಹೋಸ್ ಮೆತ್ತಗಾಗಿದೆಯಾ ಎಂದು ಹಿಸುಕಿ ನೋಡಿ, ಕ್ಲಾಂಪುಗಳನ್ನೆಲ್ಲ ಒಮ್ಮೆ ನೋಡಿ, ಸಡಿಲ ಇದ್ದರೆ ಬಿಗಿ ಮಾಡಿ.